ನಲವತ್ತೊಂದು ಮನೆಗಳ ಸಹಿ

ಮೃಣಾಲಳಿಗೆ ಕಾಯುವ ವಿದ್ಯೆ ಬರುತ್ತಿರಲಿಲ್ಲ. ಹಾಲಿನ ಪಾತ್ರೆಯ ಮುಂದೆ ನಿಲ್ಲಿಸಿದರೆ ಅದು ಉಕ್ಕುವ ಮೊದಲೇ ಬೇರೆಲ್ಲಿಗೋ ಹೋಗಿರುತ್ತಿದ್ದಳು, ಒಲೆ ಒರೆಸುವ ಕೆಲಸ ಚಿಕ್ಕಮ್ಮ ಜಿನಮತಿ ಮಾವಶಿಯ ಪಾಲಿಗೆ ಬೀಳುತ್ತಿತ್ತು. ಅಂಥ ಹುಡುಗಿ ೨೦೧೮ರ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ಮಿರಜದ ಸ್ಟೇಷನ್ ರಸ್ತೆಯ ಝೆರಾಕ್ಸ್ ಅಂಗಡಿಯೊಂದರಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಎರಡು ತಾಸು ಕೂತಳೆಂದರೆ ಆ ಕೆಲಸ ಎಷ್ಟು ದೊಡ್ಡದಿರಬೇಕು ನೀವೇ ಯೋಚಿಸಿ.

"ಹರ್ಷದ ಚೌಗುಲೆ ಅವ್ರು ಯಾವಾಗ ಬರ್ತಾರ?" ಮೂರನೆಯ ಸಲ ಕೇಳಿದಳು.

"ಹೇಳಾಕ ಬರೂದಿಲ್ರೀ. ಸಾಂಗ್ಲೀಗೆ ಹೋಗ್ಯಾರ." ಸ್ಕ್ಯಾನರಿನ ಹಿಂದೆ ನಿಂತಿದ್ದವನು ತಲೆ ಎತ್ತದೆ ಹೇಳಿದ. ಅವನ ಎದುರು ಆಸ್ಪತ್ರೆಯ ಹಳೆಯ ಫೈಲುಗಳು ಎದೆಯೆತ್ತರ ಪೇರಿಸಿದ್ದವು. ಒಂದೊಂದು ಹಾಳೆಯನ್ನೂ ಎರಡೂ ಕೈಯಲ್ಲಿ ಎತ್ತಿ, ಗಾಜಿನ ಮೇಲೆ ಮಲಗಿಸಿ, ಮೂಲೆ ನೇರ ಮಾಡಿ, ಆಮೇಲೆ ಗುಂಡಿ ಒತ್ತುತ್ತಿದ್ದ. ಅವಸರವೆಂಬ ಪದಾರ್ಥವೇ ಅವನ ಮೈಯಲ್ಲಿ ಇರಲಿಲ್ಲ. ನೋಡುತ್ತ ನೋಡುತ್ತ ಮೃಣಾಲಳ ಕಾಲು ತಾನಾಗಿ ಅಲುಗತೊಡಗಿತು.

"ನಿಮ್ಮ ಮಾಲೀಕರಿಗೆ ಏಳು ಮೇಲ್ ಹಾಕೇನಿ. ಒಂದಕ್ಕೂ ಉತ್ತರ ಇಲ್ಲ. ಪುಕ್ಕಲ ಅದಾರೇನು ಅವ್ರು?"

"ಸ್ವಲ್ಪ."

"ಸೊಕ್ಕೂ ಇರಬೇಕು."

"ಅದೂ ಥೋಡಾ ಐತ್ರಿ." ಅವನು ಈಗ ತಲೆ ಎತ್ತಿದ. ಕಣ್ಣಲ್ಲಿ ನಗು ಇತ್ತು, ತುಟಿಯಲ್ಲಿ ಇರಲಿಲ್ಲ. ಕನ್ನಡವನ್ನು ಅವನು ಮರಾಠಿಯ ಮೇಲಿಂದ ಹತ್ತಿ ಇಳಿದು ಮಾತಾಡುತ್ತಿದ್ದ.

ಆಗಲೇ ಆಸ್ಪತ್ರೆಯ ಗುಮಾಸ್ತ ಬಾಳಪ್ಪ ಬಾಗಿಲಲ್ಲಿ ನಿಂತು, "ಹರ್ಷದ ಭಾವು, ನಮ್ಮ ಫೈಲು ಆದ್ವೇನು?" ಎಂದು ಕೂಗಿದ.

ಹರ್ಷದನ ಕಿವಿ ನಿಧಾನಕ್ಕೆ ಕೆಂಪಾದವು. ಮೃಣಾಲ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು.

"ಎರಡು ತಾಸು ಕುಂದ್ರಿಸೀರಿ ನನ್ನ."

"ನೀವು ವಕೀಲರ ಕಡಿಂದ ಬಂದೀರಿ ಅಂತ ತಿಳಕೊಂಡೆ. ಹತ್ತು ನಿಮಿಷದಾಗ ಬ್ಯಾಸತ್ತು ಹೋಗ್ತೀರಿ ಅಂದ್ಕೊಂಡಿದ್ದೆ. ಆಮ್ಯಾಲ..."

"ಆಮ್ಯಾಲ?"

"ಆಮ್ಯಾಲ ಹೋಗಬಾರದು ಅನಿಸ್ತು."

ಬಯ್ಯಲು ಬಾಯಿ ತೆರೆದಿದ್ದ ಮೃಣಾಲ ಬಿದ್ದ ಕುರ್ಚಿ ಎತ್ತಿ ಮತ್ತೆ ಅದರ ಮೇಲೆಯೇ ಕೂತಳು. ಅವಳಿಗೆ ಅದು ಹೊಸ ಅನುಭವ.

ಅವಳ ನೌಕರಿ ಏನೆಂಬುದು ಮಿರಜದಲ್ಲಿ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಅಪ್ಪ ಅಮ್ಮ ಮಾಲಗಾಂವದಲ್ಲಿ ದ್ರಾಕ್ಷಿ ತೋಟ ನೋಡಿಕೊಂಡಿದ್ದರು. ಇವಳು ಒಳ್ಳೆಯ ಇಂಟರ್ನೆಟ್ ಸಿಗುತ್ತದೆಂದು ಮಿರಜದಲ್ಲಿ ಮಾವಶಿಯ ಮನೆಯ ಮಾಳಿಗೆ ಹಿಡಿದಿದ್ದಳು. ಬ್ರಸೆಲ್ಸಿನ ಒಂದು ಸಣ್ಣ ಸಂಸ್ಥೆಗಾಗಿ ಅಲ್ಲಿಂದಲೇ ಕೆಲಸ. ಇಂಟರ್ನೆಟ್ಟಿನಲ್ಲಿ ಜನರ ಹಕ್ಕಿಗೆ ಹೋರಾಡುವವರು, ಜ್ಞಾನಕ್ಕೆ ಬೀಗ ಹಾಕಬಾರದು ಎನ್ನುವವರು ಲೋಕದ ಮೂಲೆಮೂಲೆಯಲ್ಲಿದ್ದಾರೆ. ಕಾನೂನು ಮಾಡುವವರು ಯುರೋಪಿನ ಸಂಸತ್ತಿನಲ್ಲಿದ್ದಾರೆ. ಇವರನ್ನು ಅವರ ಎದುರು ಕೂರಿಸಿ ಮಾತಾಡಿಸುವುದು ಮೃಣಾಲಳ ಕೆಲಸ. ಬ್ರಸೆಲ್ಸ್ ಏಳುವುದು ಮಿರಜದ ಮಧ್ಯಾಹ್ನಕ್ಕೆ. ಅಲ್ಲಿಯತನಕ ಅವಳು ಮಾಳಿಗೆಯಲ್ಲಿ ಅತ್ತಿಂದಿತ್ತ ತಿರುಗುತ್ತಿದ್ದಳು.

ಜಿನಮತಿ ಮಾವಶಿ ಸಾಂಗಲಿ, ಮಿರಜ, ಚಿಕ್ಕೋಡಿಯ ಜೈನ ಮನೆತನಗಳಿಗೆ ಹೆಣ್ಣು ಗಂಡು ಕೂಡಿಸುವವಳು. "ನಿಂದೂ ನಂದೂ ಒಂದ ಧಂದೆ," ಎನ್ನುತ್ತಿದ್ದಳು. "ಖರೆ ನಾ ಕೂಡಿಸಿದ್ದು ಮನಿ ಆಗ್ತದ. ನೀ ಕೂಡಿಸಿದ್ದು ಬರೇ ಮೀಟಿಂಗ್ ಆಗ್ತದ."

ಹರ್ಷದನ ಕಥೆ ಮೃಣಾಲಳಿಗೆ ಸಿಕ್ಕಿದ್ದು ಹಕ್ಕುಸ್ವಾಮ್ಯದ ನೋಟೀಸು ಬಂದವರ ಹೆಸರಿದ್ದ ಬ್ರಸೆಲ್ಸಿನ ಒಂದು ಪಟ್ಟಿಯಲ್ಲಿ, ತನ್ನದೇ ಊರಿನ ವಿಳಾಸದೊಂದಿಗೆ. ಹಗಲೆಲ್ಲ ಆಸ್ಪತ್ರೆಯ ಕಾಗದ ಸ್ಕ್ಯಾನ್ ಮಾಡುತ್ತಿದ್ದ ಅವನು ಭಾನುವಾರ ಸುತ್ತಲಿನ ಬಸದಿಗಳ ಓಲೆಗರಿಗಳ ಫೋಟೋ ತೆಗೆದು ಯಾರು ಬೇಕಾದರೂ ಓದಲಿ ಎಂದು ಇಂಟರ್ನೆಟ್ಟಿಗೆ ಹಾಕುತ್ತಿದ್ದ. ಹಳಗನ್ನಡ ಅವನಿಗೆ ಒಂದಕ್ಷರ ಬರುತ್ತಿರಲಿಲ್ಲ. ಮ್ಹೈಸಾಳದ ಬಸದಿಯ ಒಂದು ವ್ರತಕಥೆಯ ಕಟ್ಟಿನಲ್ಲಿ ಹನ್ನೊಂದು ಗರಿ ಇರಲಿಲ್ಲ. ನೂರು ವರ್ಷಕ್ಕೂ ಹಿಂದೆ ಒಬ್ಬ ಸಾಹೇಬ ಓದಿ ಕೊಡುತ್ತೇನೆಂದು ಒಯ್ದದ್ದು ಯುರೋಪಿನ ಒಂದು ಗ್ರಂಥಾಲಯ ಸೇರಿತ್ತು. ಆ ಗ್ರಂಥಾಲಯದ ವೆಬ್‌ಸೈಟಿನಲ್ಲಿ ಮ್ಹೈಸಾಳದ ಹೆಸರಿನೊಂದಿಗೆ ಆ ಹನ್ನೊಂದರ ಫೋಟೋ ಹರ್ಷದನ ಕಣ್ಣಿಗೆ ಬಿದ್ದದ್ದೇ, ಅವನು ಅಂಚಿನ ಅಂಕಿ ನೋಡಿ ಅವನ್ನು ಬಸದಿಯ ಗರಿಗಳ ಜೊತೆ ಜೋಡಿಸಿ ಪುಸ್ತಕ ಪೂರ್ತಿ ಮಾಡಿ ಹಾಕಿಬಿಟ್ಟ. ತಿಂಗಳೊಳಗೆ ನೋಟೀಸು ಬಂತು. ಗರಿ ಹಳೆಯದಿರಬಹುದು, ಅದರ ಫೋಟೋ ತೆಗೆದವರು ನಾವು, ಹಕ್ಕು ನಮ್ಮದು, ಇಂಟರ್ನೆಟ್ಟಿನಿಂದ ತೆಗೆದುಹಾಕಿ.

ಆ ವರ್ಷ ಯುರೋಪಿನ ಸಂಸತ್ತಿನಲ್ಲಿ ಹಕ್ಕುಸ್ವಾಮ್ಯದ ಹೊಸ ಕಾನೂನು ತಯಾರಾಗುತ್ತಿತ್ತು. ಹಳೆಯ ಕೃತಿಯ ನಕಲು ಮಾಡಿದ ಮಾತ್ರಕ್ಕೆ ಅದರ ಮೇಲೆ ಹೊಸ ಹಕ್ಕು ಹುಟ್ಟಬಾರದು ಎಂಬ ಒಂದೇ ಒಂದು ಸಾಲು ಅದರೊಳಗೆ ಸೇರಬೇಕೆಂದು ಮೃಣಾಲಳ ಸಂಸ್ಥೆ ಹೆಣಗುತ್ತಿತ್ತು. ಆ ಸಾಲನ್ನು ಹಿಡಿದು ನಿಲ್ಲಬಲ್ಲ ಸಂಸದೆಯೊಬ್ಬರಿದ್ದರು. ಅವರ ಸಹಾಯಕಿ ಆನೆಕ್ ಮೇಲ್ ಮಾಡಿದ್ದಳು: ಒಬ್ಬ ಮನುಷ್ಯನ ದೂರು ಸಾಲದು, ಇಂಥ ಗರಿಗಳನ್ನು ಕಾಪಾಡಿಕೊಂಡ ಮನೆಗಳ ಸಹಿ ತನ್ನಿ, ಸಂಸದೆಯ ಹದಿನೈದು ನಿಮಿಷ ಕೊಡಿಸುತ್ತೇನೆ.

"ಹದಿನೈದು ನಿಮಿಷ ಅಷ್ಟ?" ಅಂಗಡಿಯಲ್ಲಿ ಮೃಣಾಲ ಇದನ್ನೆಲ್ಲ ಹೇಳಿದ ಮೇಲೆ ಹರ್ಷದ ಕೇಳಿದ.

"ಅಲ್ಲಿ ಹದಿನೈದು ನಿಮಿಷಕ್ಕ ದೊಡ್ಡ ದೊಡ್ಡ ಕಂಪನಿಯವ್ರು ವರ್ಷಗಟ್ಟಲೆ ಕಾಯ್ತಾರ."

"ಮತ್ತ ನೀವು ಕಾಯೂದಿಲ್ಲ."

"ನನಗ ಬರೂದಿಲ್ಲ," ಎಂದಳು ಮೃಣಾಲ. ಆ ಒಪ್ಪಿಗೆಗೆ ಅವನು ಮೊದಲ ಸಲ ತುಟಿ ಬಿಚ್ಚಿ ನಕ್ಕ. ಅವಳು ಮನೆಗೆ ಹೋಗುವ ದಾರಿಯುದ್ದಕ್ಕೂ ಆ ನಗುವಿನ ಮೇಲೆ ಸಿಟ್ಟಾಗಲು ಪ್ರಯತ್ನಪಟ್ಟಳು, ಆಗಲಿಲ್ಲ.

ಮೊದಲು ಹೋದದ್ದು ಮ್ಹೈಸಾಳಕ್ಕೆ, ಬಾಪೂಸಾಹೇಬರ ಹತ್ತಿರ. ಎಂಬತ್ತನಾಲ್ಕು ವರ್ಷದ ಬಾಪೂಸಾಹೇಬರು ಆ ಗರಿಗಳನ್ನು ಓದಬಲ್ಲ ಊರಿನ ಕೊನೆಯ ಮನುಷ್ಯ. ಜ್ಯೇಷ್ಠ ಮಾಸದ ಶ್ರುತಪಂಚಮಿಗೆ ಬಸದಿಯ ಗ್ರಂಥಗಳನ್ನೆಲ್ಲ ಹೊರತೆಗೆದು, ಧೂಳು ಒರೆಸಿ, ಹೊಸ ಬಟ್ಟೆ ಸುತ್ತುವ ದಿನ ಅವರು ಆ ಕಥೆಯನ್ನು ಓದುತ್ತಾರೆ. ರಾಣಿ ಕಾಡಿನಲ್ಲಿ ಗಂಡನನ್ನು ಹುಡುಕುತ್ತ ಹೊಳೆಯ ದಂಡೆಗೆ ಬರುವಲ್ಲಿ ಗರಿ ಮುಗಿಯುತ್ತದೆ. "ಮುಂದಿಂದು ಪರದೇಶದಾಗ ಐತಿ," ಎಂದು ಹೇಳಿ ಕಟ್ಟು ಕಟ್ಟುತ್ತಾರೆ. ಅವರ ಅಪ್ಪನೂ ಅಲ್ಲಿಯೇ ನಿಲ್ಲಿಸುತ್ತಿದ್ದರಂತೆ.

ಹರ್ಷದ ಪ್ರಿಂಟ್ ತೆಗೆದ ಹನ್ನೊಂದು ಹಾಳೆ ಅವರ ಮೇಜಿನ ಮೇಲೆ ಮಡಚಿದ ಬಟ್ಟೆಯ ಕೆಳಗೆ ಇತ್ತು. ಒಂದು ವರ್ಷದಿಂದ ಇತ್ತು.

"ಓದೀರೇನ್ರಿ, ಕಾಕಾ?" ಮೃಣಾಲ ಕೇಳಿದಳು.

"ಇಲ್ಲ ಮಗಾ. ಅವ್ರು ಅದು ತಮ್ಮದು ಅಂದಾರ. ಕೊಡಲಾರದ್ದು ತಗೋಳಂಗಿಲ್ಲ, ಅದು ಕಳವು ಆಗ್ತದ. ವ್ರತ ತಗೊಂಡೇನಿ."

"ಅವ್ರ ಒಯ್ದದ್ದು ಕಳವಲ್ಲೇನ್ರಿ?"

"ಅದು ಅವ್ರ ಕರ್ಮ. ನಾ ಮಾಡೂದು ನಂದು." ಮುದುಕರು ಬಟ್ಟೆಯ ಅಂಚನ್ನು ಸರಿಮಾಡಿದರು. "ಅವ್ರ ಕಡಿಂದ ಕೊಡಿಸು. ಓದ್ತೇನಿ."

ಆ ಹೊತ್ತಿನಿಂದ ಮೃಣಾಲಳಿಗೆ ನಿದ್ದೆ ಸರಿಯಾಗಿ ಬರಲಿಲ್ಲ. ಬೇಕಾದ ಕಥೆಯನ್ನು ಕೈಯಳತೆಯಲ್ಲಿ ಇಟ್ಟುಕೊಂಡು ಒಂದು ವರ್ಷ ಕಾಯುವ ಮನುಷ್ಯನನ್ನು ಅವಳು ನೋಡಿರಲಿಲ್ಲ. ಈ ವರ್ಷದ ಪಂಚಮಿಗೆ ಎರಡು ತಿಂಗಳಿತ್ತು.

ಹರ್ಷದನ ಬೈಕು, ಅದರ ಹಿಂದೆ ಮೃಣಾಲ, ಇಬ್ಬರ ನಡುವೆ ಸ್ಕ್ಯಾನರಿನ ಚೀಲ. ಮಾಲಗಾಂವ, ಸಲಗರೆ, ಮ್ಹೈಸಾಳ, ಅಲ್ಲಿಂದ ಆಚೆ ಈಚೆ. ಸಾಂಗಲಿ ಮಿರಜದ ನಡುವೆ ಮುಗಿಯದೆ ಬೆಳೆಯುತ್ತಿದ್ದ ಶೋರೂಮುಗಳು, ಕೋಚಿಂಗ್ ಕ್ಲಾಸಿನ ಬೋರ್ಡುಗಳು ದಾಟಿದರೆ ಕಬ್ಬು, ಕಬ್ಬು ದಾಟಿದರೆ ಯಾರದೋ ಮನೆಯ ದೇವರಕೋಣೆಯ ಗೋಡೆಯ ಗೂಡಿನಲ್ಲಿ ಕೆಂಪು ಬಟ್ಟೆಯ ಕಟ್ಟು. ಅವನು ಗರಿ ಹಿಡಿಯುವ ರೀತಿಯನ್ನು ಅವಳು ಕದ್ದು ನೋಡುತ್ತಿದ್ದಳು. ಅವಳ ಅಲುಗುವ ಕಾಲನ್ನು ಅವನು ಕದ್ದು ನೋಡುತ್ತಿದ್ದ. ಒಮ್ಮೆ ಇಬ್ಬರ ಕಳ್ಳತನವೂ ಒಂದೇ ಹೊತ್ತಿಗೆ ಸಿಕ್ಕಿಬಿತ್ತು. ಅವನು ಸ್ಕ್ಯಾನರನ್ನು ತಲೆಕೆಳಗೆ ಇಟ್ಟ, ಅವಳು ಖಾಲಿ ಲೋಟದಿಂದ ನೀರು ಕುಡಿದಳು.

ಸಲಗರೆಯಲ್ಲಿ ಮಾಣಿಕಬಾಯಿಯೆಂಬ ಹೆಂಗಸು ಕಾಗದಕ್ಕೆ ಸಹಿ ಹಾಕಲು ಕೈ ತೊಳೆದುಕೊಂಡು ಬಂದು ಕೂತಳು.

"ಹೆಸರು ಯಾರದು ಬರೀಲಿ, ಮಾವಶಿ?" ಹರ್ಷದ ಕೇಳಿದ.

"ನಮ್ಮತ್ತೀದು ಬರೀರಿ. ಸಖುಬಾಯಿ. ಶಾಸ್ತ್ರದ ಕಟ್ಟು ಅವರದು."

ಹರ್ಷದ ಸಖುಬಾಯಿ ಎಂದು ಬರೆದ. ಮಾಣಿಕಬಾಯಿ ಅದರ ಮುಂದೆ ಸಹಿ ಮಾಡಿದಳು. ಪಕ್ಕದಲ್ಲಿ ಕೂತಿದ್ದ ಮೃಣಾಲ ಫೋನ್ ನಂಬರ್ ಬರೆದುಕೊಂಡಳು. ಮೂವರಲ್ಲಿ ಒಬ್ಬರಿಗೂ ಏನೂ ಅನಿಸಲಿಲ್ಲ. ಅವರ ಮನೆತನಗಳಲ್ಲಿ ಬಸದಿಗೆ ಗ್ರಂಥ ಕೊಟ್ಟರೆ ಕೊಟ್ಟವರು ತಮ್ಮ ಹೆಸರು ಬರೆಸುವುದಿಲ್ಲ. ತೀರಿಹೋದ ಹಿರಿಯರ ಹೆಸರು ಬರೆಸುತ್ತಾರೆ, ಪುಣ್ಯ ಅವರಿಗೆ ಸಲ್ಲಲಿ ಎಂದು. ಹುಟ್ಟಿದಾಗಿನಿಂದ ನೋಡಿದ ಪದ್ಧತಿ ಅದು. ಹೀಗೆ ನಲವತ್ತೊಂದು ಮನೆ ಆಯಿತು.

ಕೊನೆಯ ಮನೆ ಮುಗಿಸಿ ಬರುವಾಗ ಮ್ಹೈಸಾಳದ ಸೇತುವೆಯ ಮೇಲೆ ಹರ್ಷದ ಬೈಕು ನಿಲ್ಲಿಸಿ ಡಬ್ಬಿ ಬಿಚ್ಚಿದ. ಇಬ್ಬರದೂ ಜೈನರ ಮನೆ, ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಸೂರ್ಯ ಕೃಷ್ಣೆಯ ಮೇಲೆ ಒಂದು ಮೊಳ ಉಳಿದಿದ್ದ. ಜೋಳದ ಭಾಕರಿ ಎರಡೇ ಇದ್ದವು.

"ಲಗೂ ತಿನ್ರಿ, ಹೋಗಾಕತ್ತಾನ ಅಂವ," ಎಂದಳು ಮೃಣಾಲ ಸೂರ್ಯನನ್ನು ನೋಡುತ್ತ.

"ನೀವು ಇಷ್ಟು ಗಡಿಬಿಡಿ ಮಾಡೂದಕ್ಕ ಅಂವ ಹೋಗ್ತಾನ," ಎಂದ ಹರ್ಷದ. ತನ್ನ ಭಾಕರಿಯ ಅರ್ಧ ಮುರಿದು ಅವಳ ಅಂಗೈಗೆ ಇಟ್ಟ. ಬೆರಳು ತಗಲಿತು. ಎರಡೂ ಬೆರಳುಗಳು ಅವಸರದಲ್ಲಿ ಇರಲಿಲ್ಲ.

ಮೃಣಾಲಳಿಗೆ ಅವನು ಇಷ್ಟವಾಗಿದ್ದ. ಎಷ್ಟು ಇಷ್ಟವೆಂದರೆ ಅವಳಿಗೆ ಭಯವೂ ಆಯಿತು. ಅವನು ಏನಾದರೂ ಹೇಳಲಿ ಎಂದು ಕಾದಳು. ಅವನು ನಿಧಾನಸ್ಥ. ಸೂರ್ಯ ಹೋದ, ಡಬ್ಬಿ ಮುಚ್ಚಿತು, ಮಾತು ಬರಲಿಲ್ಲ.

ಪಟ್ಟಿ ಬ್ರಸೆಲ್ಸಿಗೆ ಹೋಯಿತು. ಆನೆಕ್ ಭೇಟಿಯ ದಿನ ಗೊತ್ತುಮಾಡಿದಳು: ಜೂನ್ ಎರಡನೆಯ ವಾರ. ಮೃಣಾಲ ಮೂರು ದಿನ ನೆಲದ ಮೇಲೆ ಕಾಲಿಡಲಿಲ್ಲ. ನಾಲ್ಕನೆಯ ದಿನ ಮೇಲ್ ಬಂತು.

ಸಂಸದೆಯ ಕಚೇರಿಯಲ್ಲಿ ಹಿಂದಿ ಬಲ್ಲವರೊಬ್ಬರು ಪಟ್ಟಿಯ ಐದು ನಂಬರಿಗೆ ಫೋನು ಮಾಡಿ ನೋಡಿದ್ದರು. ಸಖುಬಾಯಿಯವರನ್ನು ಕರೆಯಿರಿ ಎಂದರೆ, ಅವರು ಹೋಗಿ ಮೂವತ್ತು ವರ್ಷವಾಯಿತು ಎಂಬ ಉತ್ತರ ಸಿಕ್ಕಿತ್ತು. ಐವರಲ್ಲಿ ಮೂವರು ಸತ್ತವರು. ಸುಳ್ಳು ಸಹಿಗಳ ಕಾಟ ಅಲ್ಲಿ ಮೊದಲೇ ಬಹಳವಂತೆ. ಆನೆಕ್ ಎರಡೇ ಸಾಲು ಬರೆದಿದ್ದಳು. ನಿಮ್ಮನ್ನು ನಂಬಿದ್ದೆ. ಭೇಟಿ ರದ್ದಾಗಿದೆ.

ಮೃಣಾಲ ಚಪ್ಪಲಿ ಅದಲುಬದಲು ಹಾಕಿಕೊಂಡು ಅಂಗಡಿಗೆ ಓಡಿದಳು.

"ಸತ್ತವರ ಹೆಸರು ಬರದೀರಿ. ನಲವತ್ತೊಂದರಾಗ ಎಷ್ಟು ಮಂದಿ ಸತ್ತಾರ?"

ಹರ್ಷದ ಪಟ್ಟಿ ತೆಗೆದು ಬೆರಳಿಟ್ಟು ಎಣಿಸಿದ. ಅವನ ಮುಖದ ಬಣ್ಣ ಇಳಿಯಿತು. "ಇಪ್ಪತ್ತಾರು."

"ಮತ್ತ ಬರಿಯೂಮುಂದ ತಲಿ ಎಲ್ಲಿ ಇಟ್ಟಿದ್ರಿ? ಒಂದು ಕಾಗದ ನೆಟ್ಟಗ ಇಡಾಕ ಐದು ನಿಮಿಷ ತಗೋತೀರಿ, ಇದೊಂದು ತಿಳೀಲಿಲ್ಲ ನಿಮಗ? ಬಾಪೂಸಾಹೇಬ ಕಾಕಾಗ ನಾ ಏನು ಹೇಳಲಿ? ನಿಮ್ಮ ಹಿಂದ ಬೈಕ್ ಮ್ಯಾಲ ಕುಂತಿದ್ದ ನನ್ನ ತಪ್ಪು."

ಪಟ್ಟಿ ಬರೆಯುವಾಗ ತಾನೂ ಪಕ್ಕದಲ್ಲೇ ಇದ್ದೆನೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಇನ್ನಷ್ಟು ಗಟ್ಟಿಯಾಗಿ ಬಯ್ದಳು. ಹರ್ಷದ ಪಟ್ಟಿಯನ್ನು ಮತ್ತೆ ಮೊದಲಿನಿಂದ ಎಣಿಸತೊಡಗಿದ. ಅವಳು ಹೋದ ಮೇಲೂ ಬಹಳ ಹೊತ್ತು ಅವನ ಸ್ಕ್ಯಾನರಿನ ದೀಪ ಸುಮ್ಮನೆ ಉರಿಯುತ್ತಿತ್ತಂತೆ, ಬಾಳಪ್ಪ ಆಮೇಲೆ ಹೇಳಿದ.

ಮರುದಿನ ಆನೆಕ್‌ಳಿಂದ ಇನ್ನೊಂದು ಮೇಲ್. ಹರ್ಷದ ಚೌಗುಲೆ ಎಂಬವರು ತನಗೆ ಬರೆದಿದ್ದಾರೆ. ಹೆಸರುಗಳನ್ನು ತಾನೊಬ್ಬನೇ ಬೇಕೆಂದು ಸೇರಿಸಿದೆ, ಮೃಣಾಲಳಿಗೆ ಏನೂ ತಿಳಿಯದು, ಅವಳ ನೌಕರಿಗೆ ತೊಂದರೆ ಮಾಡಬೇಡಿ ಎಂದು. ನಿಮ್ಮ ಬಗ್ಗೆ ಇನ್ನು ಅನುಮಾನವಿಲ್ಲ, ಮೃಣಾಲ. ಆದರೆ ಆ ಮನುಷ್ಯನ ಜೊತೆ ಸಂಸದೆ ಮಾತಾಡುವುದಿಲ್ಲ.

ಎರಡನೆಯ ಸಲ ಅಂಗಡಿಗೆ ಹೋದಾಗ ಅವಳು ಓಡಲಿಲ್ಲ. ಹೋಗಿ ಕುರ್ಚಿಯಲ್ಲಿ ಕೂತಳು.

"ಯಾಕ ಬರದ್ರಿ ಹಂಗ?"

"ನಿಮ್ಮ ನೌಕರಿ ಉಳೀತದಲ್ಲ."

"ನೀವು ಮೋಸಗಾರ ಆಗಿ ನನ್ನ ನೌಕರಿ ಉಳೀಬೇಕೇನು? ಅವ್ರ ಮುಂದ ನಮ್ಮ ಕಡೆ ಖರೇತನ ಬಿಟ್ರ ಬ್ಯಾರೆ ಏನೂ ಇಲ್ಲ, ಹರ್ಷದ. ಅದನ್ನೂ ಕೊಟ್ಟುಬಿಟ್ರಿ." ಅವನನ್ನು ಬರೀ ಹೆಸರು ಹಿಡಿದು ಕರೆದದ್ದು ಅವಳಿಗೇ ತಿಳಿಯಲಿಲ್ಲ. ಅವನಿಗೆ ತಿಳಿಯಿತು.

"ತಪ್ಪಾತು," ಎಂದ.

"ನಂದೂ ತಪ್ಪಾತು. ನಿನ್ನಿ ಅಂದದ್ದು. ಇನ್ನ ಮ್ಯಾಲ ಅವ್ರಿಗೆ ಸಣ್ಣ ಸುಳ್ಳೂ ಹೇಳೂದು ಬ್ಯಾಡ. ಎಂಥದ ಇರಲಿ."

ಅಲ್ಲೇ ಕೂತು ಅವಳು ಆನೆಕ್‌ಗೆ ಬರೆದಳು. ಇಡೀ ನೌಕರಿಯಲ್ಲಿ ಅಷ್ಟು ನಿಧಾನವಾಗಿ ಅವಳು ಏನನ್ನೂ ಬರೆದಿರಲಿಲ್ಲ. ನಮ್ಮಲ್ಲಿ ಪುಸ್ತಕ ಕೊಡುವವರು ತಮ್ಮ ಹೆಸರು ಬರೆಯುವುದಿಲ್ಲ, ತಮಗೆ ಅದನ್ನು ಬಿಟ್ಟುಹೋದವರ ಹೆಸರು ಬರೆಯುತ್ತಾರೆ. ದಾನದ ಪಟ್ಟಿ ಬರೆದ ಹಾಗೆ ನಾವು ಸಹಿಯ ಪಟ್ಟಿ ಬರೆದೆವು. ಇಪ್ಪತ್ತಾರು ಹೆಸರುಗಳು ತೀರಿಹೋದವರವು, ಸಹಿ ಮಾಡಿದ ಕೈಗಳೆಲ್ಲ ಬದುಕಿವೆ. ಹರ್ಷದ ನಿಮಗೆ ಬರೆದದ್ದು ಸುಳ್ಳು, ಪಟ್ಟಿ ಬರೆಯುವಾಗ ನಾನು ಪಕ್ಕದಲ್ಲಿದ್ದೆ. ಯಾರದೂ ಮೋಸವಲ್ಲ, ಇಬ್ಬರದೂ ತಪ್ಪು. ಮತ್ತೆ ಎಲ್ಲ ಮನೆಗೂ ಹೋಗಿ ಬದುಕಿದವರ ಹೆಸರು ತರುತ್ತೇವೆ. ಭೇಟಿ ಕೊಡುವುದು ಬಿಡುವುದು ನಿಮಗೆ ಬಿಟ್ಟದ್ದು.

ಮೂರು ದಿನದಲ್ಲಿ ನಲವತ್ತೊಂದು ಮನೆ, ಈ ಸಲ ಮುಂಗಾರಿನ ಕೆಸರಿನಲ್ಲಿ. ಮನೆಮನೆಯಲ್ಲೂ ಒಂದೇ ತಕರಾರು.

"ನನ್ನ ಹೆಸರ?" ಮಾಣಿಕಬಾಯಿ ಹೌಹಾರಿದಳು. "ನಾ ಏನು ಕೊಟ್ಟೇನ್ರಿ? ನಾ ಬರೇ ಧೂಳ ಒರಸೇನಿ."

"ಅದನ್ನ ಬರಿಯೂದು, ಮಾವಶಿ," ಎಂದಳು ಮೃಣಾಲ. "ಧೂಳ ಒರಸಿದವ್ರ ಹೆಸರು."

ಮಾಣಿಕಬಾಯಿ ನಾಚುತ್ತ ತನ್ನ ಹೆಸರು ಹೇಳಿದಳು. ಆಮೇಲೆ ಇವರಿಬ್ಬರ ನಡುವಿನ ಚೀಲ ನೋಡಿ, "ಹೋದ ಸಲ ಇದು ಇಷ್ಟು ದಪ್ಪ ಇರಲಿಲ್ಲ," ಎಂದು ತನ್ನಷ್ಟಕ್ಕೆ ಅಂದುಕೊಂಡಳು. ನಿಜವೇ. ತಪ್ಪಾತು ಎಂದು ಇಬ್ಬರೂ ಹೇಳಿಕೊಂಡಿದ್ದರು. ಅದರ ಮುಂದಿನ ಮಾತು ಯಾರು ಆಡಬೇಕೆಂಬುದು ಗೊತ್ತಾಗದೆ ಇಬ್ಬರೂ ಸ್ಕ್ಯಾನರನ್ನು ಜೋಪಾನ ಮಾಡುತ್ತಿದ್ದರು.

ಉತ್ತರ ಬರಲು ಆರು ದಿನ ಹಿಡಿಯಿತು. ಆ ಆರು ದಿನ ಜಿನಮತಿ ಮಾವಶಿ ಹಾಲಿನ ಹತ್ತಿರ ಇವಳನ್ನು ಬಿಟ್ಟುಕೊಳ್ಳಲಿಲ್ಲ. ಏಳನೆಯ ದಿನ ಆನೆಕ್ ಬರೆದಳು: ನಿಮ್ಮ ಪತ್ರವನ್ನು ಸಂಸದೆಗೆ ಓದಿ ಹೇಳಿದೆ, ಅವರು ಇನ್ನೊಮ್ಮೆ ಓದಿಸಿದರು. ಸೋಮವಾರ, ನಿಮ್ಮ ಸಂಜೆ ನಾಲ್ಕೂವರೆಗೆ, ಹದಿನೈದು ನಿಮಿಷ. ಅಂದು ಶ್ರುತಪಂಚಮಿ.

ಮ್ಹೈಸಾಳದ ಬಸದಿಯ ಪಕ್ಕದ ಪಾಠಶಾಲೆಯಲ್ಲಿ ಜಮಖಾನ ಹಾಸಿತ್ತು. ನಲವತ್ತೊಂದು ಮನೆಯವರೂ ಬಂದಿದ್ದರು. ಜಿನಮತಿ ಮಾವಶಿ ಎಲ್ಲರಿಗಿಂತ ಮುಂದೆ ಜಾಗ ಹಿಡಿದಿದ್ದಳು. ಗೋಡೆಯ ಮೇಲೆ ಹರ್ಷದ ಪ್ರೊಜೆಕ್ಟರ್ ಬಿಟ್ಟಿದ್ದ. ಗರಿಗಳು ಕನ್ನಡದವು, ಮಾತೂ ಕನ್ನಡದಲ್ಲೇ ಆಗಲಿ ಎಂದು ಬಾಪೂಸಾಹೇಬರು ಹಟ ಹಿಡಿದಿದ್ದರಿಂದ ಹರ್ಷದ ಒಂದು ವಾರ ಬಾಯಿಪಾಠ ಮಾಡಿದ್ದ. ಇಂಗ್ಲಿಷಿಗೆ ಹೇಳುವವಳು ಮೃಣಾಲ.

ಗೋಡೆಯ ಮೇಲೆ ಸಂಸದೆಯ ಮುಖ ಮೂಡಿತು. ಬೆಳ್ಳಗಿನ ಕೂದಲು, ದಣಿದ ಕಣ್ಣು. ಪಕ್ಕದಲ್ಲಿ ಆನೆಕ್, ಕೈಯಲ್ಲಿ ಪೆನ್ನು.

ಹರ್ಷದ ಗರಿಗಳ ಕಥೆ ಹೇಳಿದ. ಬಾಯಿಪಾಠ ಎರಡು ಕಡೆ ತಪ್ಪಿತು, ಯಾರೂ ನಗಲಿಲ್ಲ. ಸಂಸದೆ ಬಾಪೂಸಾಹೇಬರನ್ನು ಕೇಳಿದರು: ಹಾಳೆಗಳು ನಿಮ್ಮ ಮೇಜಿನ ಮೇಲೆಯೇ ಇವೆಯಂತೆ, ಓದಿದರೆ ತಡೆಯುವವರು ಯಾರು?

"ನಾನ," ಎಂದರು ಬಾಪೂಸಾಹೇಬರು.

ಮೃಣಾಲ ಅದನ್ನು ಹೇಳಿದಾಗ ಸಂಸದೆ ಮುಂದಿದ್ದ ಕಾಗದಗಳನ್ನು ಬದಿಗೆ ಸರಿಸಿದರು. ಆಮೇಲೆ ಆನೆಕ್‌ಳ ಕಡೆ ಏನೋ ಹೇಳಿ, ತಿರುಗಿ, ಆ ಒಂದು ಸಾಲನ್ನು ತಾನೇ ಮಂಡಿಸುತ್ತೇನೆ, ಗೆಲ್ಲುತ್ತದೆಂದು ಮಾತು ಕೊಡಲಾರೆ, ಬಿಡುವುದಿಲ್ಲವೆಂದು ಕೊಡಬಲ್ಲೆ ಎಂದರು. ಗ್ರಂಥಾಲಯಕ್ಕೂ ಇವತ್ತೇ ಬರೆಯುತ್ತೇನೆ, ಈ ಹಿರಿಯರಿಗೆ ಓದಲು ಅನುಮತಿ ಕೇಳುತ್ತೇನೆ, ಅವರು ಇಲ್ಲವೆನ್ನಲಿಕ್ಕಿಲ್ಲ ಎಂದರು. ಮೃಣಾಲ ಅಷ್ಟನ್ನೂ ಕನ್ನಡದಲ್ಲಿ ಹೇಳಿದಳು. ಜಮಖಾನದ ಮೇಲೆ ಯಾರೋ ಮೂಗು ಒರೆಸಿಕೊಂಡರು.

"ಕೊನೆಗೊಂದು," ಎಂದಳು ಆನೆಕ್. "ನಮ್ಮಲ್ಲಿ ಬಂದವರು ಇದರಿಂದ ತಮಗೇನು ಸಿಗುತ್ತದೆ ಎಂದು ಮುಚ್ಚುಮರೆಯಿಲ್ಲದೆ ಹೇಳಬೇಕು. ಎಲ್ಲರೂ ನೋಡುವ ದಾಖಲೆಯಲ್ಲಿ ಬರೆಯುತ್ತೇವೆ. ಶ್ರೀ ಚೌಗುಲೆ, ನಿಮಗೇನು ಸಿಗುತ್ತದೆ?"

ಮೃಣಾಲ ಅದನ್ನು ಕನ್ನಡದಲ್ಲಿ ಹೇಳಿದಳು. ಏನೂ ಇಲ್ಲ ಎಂದು ಅವನು ಹೇಳುತ್ತಾನೆ, ಮುಗಿಯಿತು ಎಂದುಕೊಂಡು ಕಾಗದ ಜೋಡಿಸತೊಡಗಿದಳು.

ಗಡಿಯಾರದಲ್ಲಿ ಎರಡು ನಿಮಿಷ ಉಳಿದಿತ್ತು. ಹರ್ಷದ ಗೋಡೆಯನ್ನು ನೋಡಿದ, ಜಮಖಾನವನ್ನು ನೋಡಿದ, ಆಮೇಲೆ ಮೃಣಾಲಳನ್ನು ನೋಡಿದ. ಈ ಸಲ ಕದ್ದು ನೋಡಲಿಲ್ಲ.

"ಸಣ್ಣ ಸುಳ್ಳೂ ಬ್ಯಾಡ ಅಂದಾರ ಇವ್ರು. ಅದಕ್ಕ ಹೇಳ್ತೇನಿ," ಎಂದ. ಇದು ಬಾಯಿಪಾಠ ಮಾಡಿದ್ದಲ್ಲ, ಒಂದೊಂದು ಪದವನ್ನೂ ಹುಡುಕಿ ತರುತ್ತಿದ್ದ. "ಮೊದಲನೇ ಮನೀಗೆ ಹೋದಾಗ ನನಗ ಗರಿ ಅಷ್ಟ ಬೇಕಾಗಿತ್ತು. ಐದಾರು ಮನಿ ಆಗೂತ್ಲೆ ಈ ಪಟ್ಟಿ ಮುಗೀಬಾರದು ಅನಿಸಾಕ ಹತ್ತಿತು. ನಲವತ್ತೊಂದಕ್ಕ ಮುಗೀತು. ಅವತ್ತು ಸೇತುವಿ ಮ್ಯಾಲ ಹೇಳಬೇಕಂತ ಮಾಡಿದ್ದೆ, ಹೊತ್ತು ಮುಳುಗಿತು. ನನಗ ಇದರಾಗ ಏನು ಸಿಗಬೇಕಾಗೇದ ಅಂದ್ರ, ಇವಳು. ಹೂಂ ಅಂದ್ರ."

ಮಾಣಿಕಬಾಯಿ ಪಕ್ಕದವಳ ತೊಡೆ ಚಿವುಟಿದಳು. ಜಿನಮತಿ ಮಾವಶಿ ಬಾಯಿ ತೆರೆದಳು, ಮುಚ್ಚಲು ಮರೆತಳು. ಊರಿಗೆ ಊರೇ ಕೇಳಿಸಿಕೊಂಡ ಮಾತು ತಿಳಿಯದೆ ಉಳಿದವರು ಬ್ರಸೆಲ್ಸಿನ ಇಬ್ಬರು ಮಾತ್ರ.

"ಏನೆಂದರು?" ಆನೆಕ್ ಪೆನ್ನು ಹಿಡಿದು ಕೇಳಿದಳು.

ಬೇರೆಯವರ ಮಾತನ್ನು ಹೇಳುವವಳು ಒಂದಕ್ಷರ ಬಿಡಬಾರದು, ಒಂದಕ್ಷರ ಸೇರಿಸಬಾರದು. ಅವರು ನಾನು ಎಂದರೆ ತಾನೂ ನಾನು ಎಂದೇ ಹೇಳಬೇಕು. ಮೃಣಾಲ ಹೇಳಿದಳು. ನನಗೆ ಗರಿ ಮಾತ್ರ ಬೇಕಿತ್ತು. ಪಟ್ಟಿ ಮುಗಿಯಬಾರದು ಅನ್ನಿಸತೊಡಗಿತು. ಸೇತುವೆಯ ಮೇಲೆ ಹೇಳಬೇಕೆಂದಿದ್ದೆ. ಹೇಳುತ್ತ ಹೋದಂತೆ ಆ ನಾನು ಯಾರೆಂಬುದೇ ಅವಳಿಗೆ ತಿಳಿಯದಾಯಿತು, ಎಲ್ಲ ತನ್ನ ಮಾತೇ ಆಗಿತ್ತು. ನನಗೆ ಸಿಗಬೇಕಾದದ್ದು ಅವಳು, ಅವಳು ಒಪ್ಪಿದರೆ.

ಸಂಸದೆಯ ದಣಿದ ಕಣ್ಣುಗಳು ಅರಳಿದವು. "ಅವಳು ಅಂದರೆ ಯಾರು?"

"ನಾನು," ಎಂದಳು ಮೃಣಾಲ ಇಂಗ್ಲಿಷಿನಲ್ಲಿ.

"ಹಾಗಾದರೆ ನಿಮಗೇನು ಸಿಗುತ್ತದೆ ಎಂಬುದನ್ನೂ ನಾವು ಬರೆಯಬೇಕಾಗುತ್ತದೆ," ಎಂದಳು ಆನೆಕ್. ಕಚೇರಿಯ ದನಿಯಲ್ಲೇ ಹೇಳಿ ಹೊಸ ಹಾಳೆ ತಿರುವಿದಳು.

ಮೃಣಾಲಳ ಕಾಲು ಅಲುಗುತ್ತಿರಲಿಲ್ಲ. ಎಷ್ಟೋ ದಿನಗಳಾದ ಮೇಲೆ ಅವಳ ಮೈಯೆಲ್ಲ ಒಂದು ಕಡೆ ಕೂತಿತ್ತು.

"ಅದೇ ಬರೆಯಿರಿ," ಎಂದಳು. "ಅವರಿಗೆ ಏನು ಸಿಗುತ್ತದೋ, ನನಗೂ ಅದೇ. ನಾನು ಒಪ್ಪಿದ್ದೇನೆ. ಅವತ್ತೇ ಕೇಳಿದ್ದರೆ ಅವತ್ತೇ ಒಪ್ಪುತ್ತಿದ್ದೆ."

ಆನೆಕ್ ಬರೆದುಕೊಂಡಳು. ಹದಿನೈದು ನಿಮಿಷ ಮುಗಿದು ಗೋಡೆ ಬೆಳ್ಳಗಾಯಿತು. ಜಮಖಾನದ ಮೇಲೆ ಒಬ್ಬರೂ ಏಳಲಿಲ್ಲ. ಇಂಗ್ಲಿಷ್ ಬಾರದ ನಲವತ್ತೊಂದು ಮನೆಯವರು ಮೃಣಾಲಳ ಮುಖವನ್ನು ನೋಡಿದರು, ಅದು ಕೆಂಪಾಗಿ ಕಾಗದಗಳ ಮೇಲೆ ಬಾಗಿತ್ತು, ಅಲ್ಲಿಂದ ಏನೂ ತಿಳಿಯುವಂತಿರಲಿಲ್ಲ. ಎಲ್ಲರೂ ಹರ್ಷದನ ಕಡೆ ತಿರುಗಿದರು.

"ಏನಂದಳು ಹುಡುಗಿ?" ಜಿನಮತಿ ಮಾವಶಿ ಕೇಳಿದಳು. "ಅಷ್ಟು ಉದ್ದ ಏನೇನೋ ಅಂದಳಲ್ಲ."

ಝೆರಾಕ್ಸ್ ಅಂಗಡಿಯ ಇಂಗ್ಲಿಷ್ ಹರ್ಷದನಿಗೆ ಅಷ್ಟಕ್ಕೆ ಸಾಕಾಗಿತ್ತು. ಕನ್ನಡದಲ್ಲಿ ಹೇಳಲು ಅವನು ಪದ ಹುಡುಕಿದ, ಮರಾಠಿಯಲ್ಲಿ ಹುಡುಕಿದ, ಎರಡರಲ್ಲೂ ಸಿಗಲಿಲ್ಲ. ಕೊನೆಗೆ ಕಣ್ಣು ಒರೆಸಿಕೊಂಡ.

"ಹೂಂ ಅಂದಳ್ರಿ," ಎಂದ.